ಯಜಮಾನನ ನುಡಿ: ‘ವಿಧೇಯನ್’ ಚಿತ್ರದ ಭಾಸ್ಕರ ಪಟೇಲರ್ ಮತ್ತು ಗಡಿನಾಡಿನ ಪ್ರೇಕ್ಷಕ

ಕಾಸರಗೋಡಿನಂಥ ದ್ವಿಭಾಷಿಕ ಪ್ರದೇಶದ ಪ್ರೇಕ್ಷಕನಿಗೆ ಅಡೂರ್ ಗೋಪಾಲಕೃಷ್ಣನ್ ಅವರ ‘ವಿಧೇಯನ್’ ಒಂದು ವಿಶಿಷ್ಟ ಸಮಸ್ಯೆಯನ್ನು ಒಡ್ಡುವ ಚಿತ್ರ. ಮಲಯಾಳಂ ಸಿನೆಮಾದ ಮಹತ್ವದ ಕೃತಿಗಳಲ್ಲಿ ಅದಕ್ಕೆ ಸ್ಥಾನವಿದೆ. 1993ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಮಲಯಾಳಂ ಚಿತ್ರವೆನಿಸಿತು. ಅದರಲ್ಲಿನ ಭಾಸ್ಕರ ಪಟೇಲರ್ ಪಾತ್ರಕ್ಕಾಗಿ ಮತ್ತು ‘ಪೊಂತನ್ ಮಾಡ’ ಚಿತ್ರದ ಪಾತ್ರಕ್ಕಾಗಿ ಮಮ್ಮೂಟ್ಟಿ ಅವರು ಅತ್ಯುತ್ತಮ ನಟ ಪ್ರಶಸ್ತಿಯನ್ನು ಪಡೆದರು. ಆದರೆ ಚಿತ್ರದ ಕಥೆ ನಡೆಯುವುದು ಕೇರಳದಲ್ಲಲ್ಲ, ದಕ್ಷಿಣ ಕನ್ನಡದ ಮಲೆಗಾಡಿನಲ್ಲಿ. ಅದರ ಕೇಂದ್ರ ಪಾತ್ರ ಕನ್ನಡ ಬೆರೆತ ಮಲಯಾಳವನ್ನಾಡುವ ಒಬ್ಬ ಜಮೀನುದಾರ. ಅವನು ಕೊಲೆಗಾರ, ಅತ್ಯಾಚಾರಿ, ಹೆಂಡತಿಯನ್ನು ಕೈಯಾರೆ ಕೊಲ್ಲುವವನು. ಇಂಥವನು ತೆರೆಯಿಂದ ಮರೆಯಾದಾಗಲೆಲ್ಲ ಪ್ರೇಕ್ಷಕ ಅವನ ಮರುಪ್ರವೇಶಕ್ಕೆ ಕಾಯುತ್ತಾನೆ.

ಈ ಕಾಯುವಿಕೆಯ ಅರ್ಥವೇನು? ಖಳನ ಆಕರ್ಷಣೆಯನ್ನು ನಟನ ಪ್ರತಿಭೆಯಿಂದ ವಿವರಿಸಿ ಮುಗಿಸುವುದು ಸುಲಭ. ಆದರೆ ‘ವಿಧೇಯನ್’ನಲ್ಲಿ ಆ ಆಕರ್ಷಣೆ ಹುಟ್ಟುವ ಜಾಗ ಪಟೇಲರನ ವ್ಯಕ್ತಿತ್ವವಲ್ಲ. ಅವನನ್ನು ನೋಡುವ ಕಣ್ಣು ಮತ್ತು ಅವನನ್ನು ಕರೆಯುವ ನುಡಿ ಅದನ್ನು ಹುಟ್ಟಿಸುತ್ತವೆ. ಕನ್ನಡವನ್ನು ಕಳೆದುಕೊಳ್ಳುತ್ತಿರುವ ನುಡಿಯೆಂದೇ ಭಾವಿಸಿ ಮಾತಾಡುವ ಗಡಿನಾಡಿನ ವಿಮರ್ಶೆಗೆ ಈ ಸಂಗತಿ ಇರಿಸುಮುರಿಸನ್ನು ತರುವಂಥದ್ದು.

ಪ್ರತಿನಾಯಕನ ಪರಂಪರೆ

ಖಳನನ್ನು ಕಥೆಯ ನಡುವೆ ನಿಲ್ಲಿಸಿ ಗೌರವಿಸುವುದು ಈ ಪ್ರದೇಶದ ಸಾಹಿತ್ಯಕ್ಕೂ ರಂಗಕಲೆಗೂ ಹೊಸದಲ್ಲ. ಪಂಪ ಛಲಕ್ಕೆ ದುರ್ಯೋಧನನನ್ನು ಉದಾಹರಿಸಿದ. ರನ್ನ ಅದೇ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿ ಅವನ ಶೋಕಕ್ಕೆ ಘನತೆ ತಂದುಕೊಟ್ಟ. ನಾಗಚಂದ್ರನ ರಾವಣ ಸೀತೆಯ ದೃಢತೆಯ ಮುಂದೆ ಮನಸ್ಸು ಬದಲಿಸುತ್ತಾನೆ, ಆದರೆ ಹಿಂದೆ ಸರಿಯಲಾರ. ಆ ರಾವಣನಲ್ಲಿ ಬಿ.ಎಂ. ಶ್ರೀಕಂಠಯ್ಯನವರು ದುರಂತನಾಯಕನನ್ನು ಗುರುತಿಸಿದ್ದು ಕನ್ನಡ ವಿಮರ್ಶೆಯ ಇತಿಹಾಸದಲ್ಲಿ ಒಂದು ಮುಖ್ಯ ಘಟನೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷದ ಪ್ರವೇಶಕ್ಕಾಗಿ ಪ್ರೇಕ್ಷಕರು ನಿದ್ದೆಗೆಟ್ಟು ಕಾಯುತ್ತಿದ್ದರು. ಕಥಕಳಿಯ ‘ಕತ್ತಿ’ ವೇಷದಲ್ಲಿ ನಾಯಕನ ಹಸಿರು ಬಣ್ಣದ ಮೇಲೆಯೇ ಕೆಂಪು ಗುರುತು ಮೂಡುತ್ತದೆ. ರಾವಣನಲ್ಲಿಯೂ ದುರ್ಯೋಧನನಲ್ಲಿಯೂ ಉದಾತ್ತತೆ ಇದೆ, ಅದು ಕೆಟ್ಟಿದೆ ಎಂಬುದನ್ನು ಆ ಮುಖವರ್ಣಿಕೆ ಒಂದೇ ನೋಟಕ್ಕೆ ಹೇಳಿಬಿಡುತ್ತದೆ. ಕಥಕಳಿಯ ವಾತಾವರಣದಲ್ಲಿ ಬೆಳೆದ ಅಡೂರ್ ಅವರು ಕತ್ತಿ ವೇಷಗಳಿಗೆ ಹೆಸರಾದ ಕಲಾಮಂಡಲಂ ರಾಮನ್‌ಕುಟ್ಟಿ ನಾಯರ್ ಅವರನ್ನು ಕುರಿತು ಮುಂದೆ ಸಾಕ್ಷ್ಯಚಿತ್ರವನ್ನೂ ಮಾಡಿದರು.

ಪಟೇಲರ್‌ನನ್ನು ಈ ಪರಂಪರೆಯಲ್ಲಿ ಇಟ್ಟು ನೋಡುವ ಆಸೆ ಸಹಜ. ಆದರೆ ಇಟ್ಟ ಕೂಡಲೇ ವ್ಯತ್ಯಾಸ ಎದ್ದು ಕಾಣುತ್ತದೆ. ದುರ್ಯೋಧನನಿಗೆ ಛಲವಿದೆ, ಕರ್ಣನ ಸ್ನೇಹವಿದೆ, ರಾಜ್ಯದ ಮೇಲೆ ತನ್ನದೇ ಆದ ಒಂದು ವಾದವಿದೆ. ರಾವಣನಿಗೆ ವಿದ್ಯೆಯಿದೆ, ಭಕ್ತಿಯಿದೆ. ಪಟೇಲರ್‌ಗೆ ಇವು ಯಾವುವೂ ಇಲ್ಲ. ತಾನು ಮಾಡುವ ಅನ್ಯಾಯಕ್ಕೆ ಅವನು ಕಾರಣ ಕೊಡುವುದಿಲ್ಲ. ಹೆಂಡದಂಗಡಿಯ ಮುಂದೆ ಸಂಗಡಿಗರೊಡನೆ ಕುಳಿತವನು ದಾರಿಯಲ್ಲಿ ಕಂಡ ವಲಸಿಗ ತೊಮ್ಮಿಯನ್ನು ಕರೆದು ಒದೆಯುತ್ತಾನೆ, ಉಗುಳುತ್ತಾನೆ. ತೊಮ್ಮಿ ಅವನಿಗೆ ಮಾಡಿದ ಅಪರಾಧ ಏನೂ ಇಲ್ಲ. ಬಳಿಕ ಅವನ ಗುಡಿಸಲಿಗೆ ಬಂದು ಅವನ ಹೆಂಡತಿ ಓಮನಳನ್ನು ತನ್ನವಳಾಗಿಸಿಕೊಳ್ಳುತ್ತಾನೆ, ತೊಮ್ಮಿಗೆ ಹೆಂಡದಂಗಡಿಯಲ್ಲಿ ಕೆಲಸ ಕೊಡಿಸುತ್ತಾನೆ. ಕೊಡುವುದೂ ಕಸಿಯುವುದೂ ಅವನಲ್ಲಿ ಒಂದೇ ಕೈಯ ಚಲನೆ. ಅವನ ಕ್ರೌರ್ಯದ ಹಿಂದೆ ಸೇಡೂ ಇಲ್ಲ, ಸಿದ್ಧಾಂತವೂ ಇಲ್ಲ.

ಅಡೂರ್ ಅವರ ‘ಎಲಿಪ್ಪತ್ತಾಯಂ’ (1981) ಚಿತ್ರದ ಉಣ್ಣಿಯೊಂದಿಗೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಉಣ್ಣಿಯೂ ಊಳಿಗಮಾನ್ಯ ವ್ಯವಸ್ಥೆಯ ಕೊನೆಯ ಕುಡಿ. ಆದರೆ ಅವನು ಮನೆಯೊಳಗೆ ಕೊಳೆಯುತ್ತಾನೆ. ಅಕ್ಕತಂಗಿಯರ ದುಡಿಮೆಯ ಮೇಲೆ ಬದುಕುತ್ತ, ಇಲಿಗೆ ಹೆದರುತ್ತ, ಹೊರಗಿನ ಬೆಳಕಿಗೆ ಕಣ್ಣುಮುಚ್ಚುತ್ತಾನೆ. ಪಟೇಲರ್ ಅದೇ ವ್ಯವಸ್ಥೆ ಸತ್ತ ಮೇಲೂ ರಸ್ತೆಯಲ್ಲಿ, ಅಂಗಡಿಯ ಮುಂದೆ, ಕಾಡಿನಲ್ಲಿ ಕೋವಿ ಹಿಡಿದು ನಡೆಯುತ್ತಾನೆ. ಇಬ್ಬರ ಬುಡದಲ್ಲೂ ಟೊಳ್ಳು ಒಂದೇ. ಉಣ್ಣಿಯ ಟೊಳ್ಳು ಎಲ್ಲರಿಗೂ ಕಾಣುತ್ತದೆ, ಪಟೇಲರ್‌ನದು ಚಿತ್ರದ ಕೊನೆಯ ಭಾಗದವರೆಗೆ ಕಾಣುವುದಿಲ್ಲ. ಅದನ್ನು ಮುಚ್ಚಿ ಕಾಪಾಡುವವನು ಬೇರೊಬ್ಬನಿದ್ದಾನೆ.

ತೊಮ್ಮಿಯ ಕಣ್ಣು

ಆ ಬೇರೊಬ್ಬನೇ ತೊಮ್ಮಿ. ಚಿತ್ರಕ್ಕೆ ಆಧಾರವಾದದ್ದು ಪಾಲ್ ಸಕ್ಕರಿಯ ಅವರ ‘ಭಾಸ್ಕರ ಪಟ್ಟೇಲರುಂ ಎನ್ಟೆ ಜೀವಿತವುಂ’ ಎಂಬ ಕಿರು ಕಾದಂಬರಿ. ಶೀರ್ಷಿಕೆಯೇ ಹೇಳುವಂತೆ ಅದು ‘ಭಾಸ್ಕರ ಪಟೇಲರೂ ನನ್ನ ಬದುಕೂ’. ಅಲ್ಲಿ ಕಥೆ ಹೇಳುವವನು ತೊಮ್ಮಿಯೇ. ಓದುಗನಿಗೆ ಸಿಗುವ ಪಟೇಲರ್ ಮೊದಲಿನಿಂದ ಕೊನೆಯವರೆಗೆ ತೊಮ್ಮಿಯ ಮಾತಿನಲ್ಲಿ ಮೂಡಿದವನು. ಚಿತ್ರ ಈ ಉತ್ತಮ ಪುರುಷ ನಿರೂಪಣೆಯನ್ನು ಕೈಬಿಟ್ಟು, ಶೀರ್ಷಿಕೆಯನ್ನು ಒಂದೇ ಪದಕ್ಕೆ ಇಳಿಸಿ, ಕ್ಯಾಮೆರಾವನ್ನು ಇಬ್ಬರಿಂದಲೂ ತುಸು ದೂರದಲ್ಲಿ ಇಡುತ್ತದೆ. ಆದರೂ ಪ್ರೇಕ್ಷಕನ ಕಣ್ಣು ಮೆಲ್ಲಮೆಲ್ಲನೆ ತೊಮ್ಮಿಯ ಕಣ್ಣಾಗಿ ಪರಿಣಮಿಸುತ್ತದೆ. ಎಂ.ಆರ್. ಗೋಪಕುಮಾರ್ ಅವರ ಅಭಿನಯದಲ್ಲಿ ಬಾಗಿದ ಬೆನ್ನು, ಎತ್ತಲಾರದ ಕತ್ತು, ಕೆಳಗಿನಿಂದ ಮೇಲಕ್ಕೆ ಕಳ್ಳತನದಲ್ಲಿ ಹೋಗುವ ದೃಷ್ಟಿ ಇವೆ. ಪಟೇಲರ್ ಎತ್ತರವಾಗಿ ಕಾಣುವುದಕ್ಕೆ ಈ ಬಾಗುವಿಕೆಯೇ ಅಳತೆಗೋಲು.

ಹೆಂಡತಿಯ ಮೇಲಿನ ದೌರ್ಜನ್ಯಕ್ಕೆ ತೊಮ್ಮಿ ಮೊದಲು ಕುದಿಯುತ್ತಾನೆ, ಅಳುತ್ತಾನೆ. ಆಮೇಲೆ ಒಗ್ಗಿಕೊಳ್ಳುತ್ತಾನೆ. ಕೊನೆಗೆ ಓಮನಳ ಮೈಯಲ್ಲಿ ಉಳಿದ ಪಟೇಲರ್‌ನ ಸುಗಂಧದ್ರವ್ಯದ ಪರಿಮಳ ತನಗೆ ಇಷ್ಟವೆಂದು ಅವಳೆದುರೇ ಹೇಳುವಷ್ಟು ದೂರ ಸಾಗುತ್ತಾನೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಭೀಕರವಾದ ಕ್ಷಣವಿಲ್ಲ. ಅಲ್ಲಿ ಹೊಡೆತವಿಲ್ಲ, ರಕ್ತವಿಲ್ಲ, ಪಟೇಲರ್ ಕೂಡ ಇಲ್ಲ. ಭಯವಾಗಿ ಹೊಕ್ಕದ್ದು ರುಚಿಯಾಗಿ ಮಾರ್ಪಟ್ಟಿದೆ. ಊರವರು ಪಟೇಲರ್‌ನನ್ನು ಕೊಲ್ಲಲು ಹೂಡುವ ಸಂಚಿನಲ್ಲಿ ತೊಮ್ಮಿಯೂ ಭಾಗಿಯಾಗುತ್ತಾನೆ. ಅದು ವಿಫಲವಾದಾಗ, ಗಾಯಗೊಂಡ ಯಜಮಾನನನ್ನು ಆರೈಕೆ ಮಾಡುವವನೂ ಅವನೇ. ಅವನ ದ್ವೇಷವೂ ನಿಜ, ಪ್ರೀತಿಯೂ ನಿಜ. ಎರಡಕ್ಕೂ ಒಡೆಯ ಒಬ್ಬನೇ.

ಇಲ್ಲಿ ತಾರಾಮೌಲ್ಯದ ಪಾತ್ರವನ್ನು ಗಮನಿಸಬೇಕು. ‘ಒರು ವಡಕ್ಕನ್ ವೀರಗಾಥ’ (1989) ಚಿತ್ರದ ಚಂದುವಿನ ಪಾತ್ರದಿಂದ ಮಮ್ಮೂಟ್ಟಿ ಅವರು ಅಷ್ಟರಲ್ಲಾಗಲೇ ಮಲಯಾಳಿಗಳ ವೀರನಾಯಕನಾಗಿದ್ದರು. ಅಡೂರ್ ಅವರ ‘ಅನಂತರಂ’ ಮತ್ತು ‘ಮದಿಲುಗಳ್’ ಚಿತ್ರಗಳಲ್ಲಿ ಅವರ ಅಭಿನಯ ಬೇರೊಂದು ಬಗೆಯ ಗೌರವವನ್ನು ಗಳಿಸಿತ್ತು. ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡುವ ಅಭ್ಯಾಸ ಪ್ರೇಕ್ಷಕನಿಗೆ ಮೊದಲೇ ಇತ್ತು. ‘ವಿಧೇಯನ್’ ಆ ಅಭ್ಯಾಸವನ್ನು ಬಳಸಿಕೊಂಡು, ಅದು ಯಾವ ಜಾತಿಯ ನೋಟವೆಂಬುದನ್ನು ತೊಮ್ಮಿಯ ಮೂಲಕ ತೋರಿಸಿಕೊಡುತ್ತದೆ. ಅಭಿಮಾನಿಯ ಕಾತರಕ್ಕೂ ಆಳಿನ ಕಾತರಕ್ಕೂ ನಡುವಿನ ಅಂತರ ಅಷ್ಟೇನೂ ದೊಡ್ಡದಲ್ಲವೆಂಬ ಸೂಚನೆ ಇಲ್ಲಿದೆ. ಖಳನನ್ನು ಮೆಚ್ಚಿದ ಪ್ರೇಕ್ಷಕ ತೊಮ್ಮಿಯನ್ನು ನೋಡಿ ಅಸಹ್ಯಪಟ್ಟರೆ ಆ ಅಸಹ್ಯ ತನಗೇ ತಿರುಗುತ್ತದೆ.

ಮೂರು ಪದಗಳು

ಕನ್ನಡ–ಮಲಯಾಳಂ ಎರಡನ್ನೂ ಬಲ್ಲ ಪ್ರೇಕ್ಷಕನಿಗೆ ಈ ಚಿತ್ರದಲ್ಲಿ ಮೂರು ಪದಗಳು ಬೇರೆಯವರಿಗೆ ಕೇಳಿಸದ ರೀತಿಯಲ್ಲಿ ಕೇಳಿಸುತ್ತವೆ.

ಮೊದಲನೆಯದು ‘ಪಟೇಲರ್’. ದಕ್ಷಿಣ ಕನ್ನಡದಲ್ಲಿ ಪಟೇಲ ಎಂದರೆ ಗ್ರಾಮದ ಮುಖ್ಯಾಧಿಕಾರಿ. ಶಾನುಭೋಗ ಲೆಕ್ಕ ಬರೆಯುವವನು. ಅಂದಿನ ಮೈಸೂರು ರಾಜ್ಯ 1961ರ ಕಾಯಿದೆಯ ಮೂಲಕ ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದುಪಡಿಸಿತು. ಚಿತ್ರದ ಪಟೇಲರ್ ಹೀಗೆ ಅಧಿಕಾರ ಹೋದರೂ ಹೆಸರು ಉಳಿದವನು. ಆ ಹೆಸರಿನಲ್ಲಿ ಉಳಿದಿರುವ ಇನ್ನೊಂದು ಸಂಗತಿ ಬಹುವಚನ. ಕನ್ನಡದ ‘ಪಟೇಲರು’ ಮಲಯಾಳಕ್ಕೆ ಹೋದಾಗ ಗೌರವದ ಪ್ರತ್ಯಯ ಹೆಸರಿಗೇ ಅಂಟಿಕೊಂಡು ಹೋಗಿದೆ. ಅವನನ್ನು ಬೈಯಬೇಕಾದವನೂ, ಕೊಲ್ಲಲು ಹೊಂಚು ಹಾಕುವವನೂ ಆ ಗೌರವವನ್ನು ಉಚ್ಚರಿಸದೆ ಅವನ ಹೆಸರು ಹೇಳಲಾರ. ಮಲಯಾಳದ ಕ್ರಿಯಾಪದಕ್ಕೆ ಲಿಂಗವಚನಗಳ ಹಂಗಿಲ್ಲವಾದ್ದರಿಂದ ಮಲಯಾಳಿ ಪ್ರೇಕ್ಷಕನಿಗೆ ಇದು ಹೆಸರಿಗಷ್ಟೇ ಸೀಮಿತ. ಕನ್ನಡದಲ್ಲಿ ಈ ಕಥೆಯನ್ನು ಹೇಳಹೊರಟವನು ಮಾತ್ರ ಪ್ರತಿ ವಾಕ್ಯದ ಕೊನೆಗೂ ನಿರ್ಧರಿಸಬೇಕಾಗುತ್ತದೆ: ಪಟೇಲರ್ ಬಂದನೋ, ಬಂದರೋ? ಕೊಂದನೋ, ಕೊಂದರೋ? ಏಕವಚನ ಬಳಸಿದರೆ ಅದು ವಿಮರ್ಶಕನ ತೀರ್ಪು, ಬಹುವಚನ ಬಳಸಿದರೆ ತೊಮ್ಮಿಯ ಸ್ಥಾನದಲ್ಲಿ ನಿಂತಂತೆ. ಕನ್ನಡ ವ್ಯಾಕರಣದಲ್ಲಿ ಮೂರನೆಯ ದಾರಿ ಸುಲಭವಾಗಿ ಸಿಗುವುದಿಲ್ಲ.

ಎರಡನೆಯದು ‘ಯಜಮಾನ’. ತೊಮ್ಮಿ ಪಟೇಲರ್‌ನನ್ನು ಕರೆಯುವುದು ಹೀಗೆಯೇ. ಯಜ್ಞ ಮಾಡಿಸುವವನೆಂಬ ಮೂಲಾರ್ಥದಿಂದ ಒಡೆಯನೆಂಬ ಅರ್ಥಕ್ಕೆ ಬಂದ ಈ ಪದ ಕನ್ನಡದ ಮನೆಗಳಲ್ಲಿ ಗಂಡನಿಗೂ ಸಲ್ಲುತ್ತದೆ. ಹೆಂಡತಿ ಗಂಡನ ಹೆಸರು ಹೇಳದೆ ‘ನಮ್ಮ ಯಜಮಾನರು’ ಎನ್ನುತ್ತಾಳೆ. ತೊಮ್ಮಿ ತನ್ನ ಗುಡಿಸಲಿನ ಯಜಮಾನಿಕೆಯನ್ನು ಕಳೆದುಕೊಂಡವನು. ಅವನ ಬಾಯಲ್ಲಿ ಆ ಪದ ಬಂದಾಗ ಕನ್ನಡದ ಕಿವಿಗೆ ಒಡೆತನದ ಎರಡೂ ಅರ್ಥಗಳು ಒಟ್ಟಿಗೆ ಕೇಳಿಸುತ್ತವೆ. ಸರೋಜಳ ಪಾಲಿಗೆ ಯಜಮಾನನಾದವನು ಅವಳನ್ನು ಕೊಲ್ಲುತ್ತಾನೆ. ಓಮನಳ ಪಾಲಿಗೆ ಯಜಮಾನನಾಗಬೇಕಾದವನು ಅವಳನ್ನು ಬಿಟ್ಟುಕೊಡುತ್ತಾನೆ.

ಮೂರನೆಯದು ‘ವಿಧೇಯ’. ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಪದ ಒಂದೇ. ಕನ್ನಡಿಗನಿಗೆ ಅದು ಹೆಚ್ಚಾಗಿ ಪರಿಚಿತವಾಗಿರುವುದು ಅರ್ಜಿಯ ಕೊನೆಯಲ್ಲಿ, ಸಹಿಯ ಮೇಲೆ. ‘ಇತಿ ತಮ್ಮ ವಿಧೇಯ’ ಎಂದು ಬರೆಯಲು ಮಕ್ಕಳಿಗೆ ಶಾಲೆಯಲ್ಲೇ ಕಲಿಸಲಾಗುತ್ತದೆ. ಗಡಿನಾಡಿನ ಕನ್ನಡಿಗರ ಕಳೆದ ಆರೇಳು ದಶಕಗಳ ಸಾರ್ವಜನಿಕ ಇತಿಹಾಸವನ್ನು ಅರ್ಜಿಗಳ ಇತಿಹಾಸವೆಂದು ಕರೆದರೆ ಅತಿಶಯೋಕ್ತಿಯಾಗದು. 1956ರ ರಾಜ್ಯ ಪುನರ್ವಿಂಗಡಣೆ, ಚಂದ್ರಗಿರಿಯ ಉತ್ತರಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದ 1967ರ ಮಹಾಜನ ಆಯೋಗದ ವರದಿ, ಆ ಬಳಿಕ ಶಾಲೆಗಾಗಿ, ಶಿಕ್ಷಕರಿಗಾಗಿ, ಕನ್ನಡದ ನಮೂನೆಗಳಿಗಾಗಿ ನಡೆದ ಬೇಡಿಕೆಗಳು — ಎಲ್ಲವೂ ವಿಧೇಯತೆಯ ಆ ಸೂತ್ರವಾಕ್ಯದಲ್ಲಿ ಮುಗಿದಂಥವು. ಆ ಪದವನ್ನು ಮಲಯಾಳಿ ವಲಸಿಗನೊಬ್ಬನ ಹಣೆಗೆ ಹಚ್ಚಿ, ಕನ್ನಡ ಬೆರೆತ ನುಡಿಯವನನ್ನು ಅವನ ಮೇಲೆ ಕೂರಿಸಿದಾಗ ಗಡಿನಾಡಿನ ಪ್ರೇಕ್ಷಕನಿಗೆ ಪರಿಚಿತ ಚಿತ್ರ ತಲೆಕೆಳಗಾಗಿ ಕಾಣುತ್ತದೆ.

ಬೆರಕೆ ನುಡಿಯ ಅಧಿಕಾರ

ಚಿತ್ರ ಕನ್ನಡವನ್ನು ಖಳನ ಭಾಷೆಯಾಗಿಸಿದೆ ಎಂಬ ಆಕ್ಷೇಪ ಇಲ್ಲಿ ಬರಬಹುದು. ಮುಖ್ಯಧಾರೆಯ ಸಿನೆಮಾಗಳಲ್ಲಿ ನೆರೆನುಡಿಯವನನ್ನು ವಿದೂಷಕನಾಗಿಯೋ ದುಷ್ಟನಾಗಿಯೋ ಚಿತ್ರಿಸುವ ರೂಢಿಯಿರುವುದರಿಂದ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕೇರಳದ ಪ್ರೇಕ್ಷಕನೊಬ್ಬ ಪಟೇಲರ್‌ನ ಉಚ್ಚಾರದಲ್ಲಿಯೇ ಕ್ರೌರ್ಯವನ್ನು ಕೇಳಿಸಿಕೊಂಡು, ಆ ಕೇಡು ಗಡಿಯಾಚೆಯದೆಂದು ಸಮಾಧಾನಪಟ್ಟುಕೊಂಡಿರಬಹುದು. ಹಾಗೆ ನೋಡಿದವರಿಗೆ ‘ವಿಧೇಯನ್’ ಹೊರನಾಡಿನ ಕಥೆಯಷ್ಟೇ ಆಗಿಬಿಡುತ್ತದೆ, ತಮ್ಮ ನೆಲದ ಜಮೀನುದಾರಿಕೆಯ ನೆನಪು ಅವರನ್ನು ಕಾಡುವುದಿಲ್ಲ.

ಆದರೂ ಚಿತ್ರದ ಒಳಗಿನ ಸಾಕ್ಷ್ಯ ಆ ಓದನ್ನು ಬೆಂಬಲಿಸುವುದಿಲ್ಲ. ತನ್ವಿ ಆಜ್ಮಿ ಅವರು ನಿರ್ವಹಿಸಿದ ಸರೋಜಳ ಪಾತ್ರ ಅದೇ ಮನೆಯದು, ಅದೇ ನೆಲದ್ದು. ಚಿತ್ರದಲ್ಲಿ ನೈತಿಕ ಸ್ಥೈರ್ಯ ಎಲ್ಲಾದರೂ ಇದ್ದರೆ ಅದು ಅವಳಲ್ಲಿ. ಗಂಡನ ದುಷ್ಕೃತ್ಯಗಳನ್ನು ಬಲ್ಲ ಅವಳು ತೊಮ್ಮಿಯ ವಿಷಯದಲ್ಲಿ ಮರುಕ ತೋರುತ್ತಾಳೆ. ಪಟೇಲರ್‌ನನ್ನು ಸಹಿಸದೆ ಎದುರುಬೀಳುವವರೂ ಆ ಊರಿನವರೇ. ಚಿತ್ರದ ಸಂಗೀತ ಪುಟ್ಟಣ್ಣ ಕಣಗಾಲ್ ಅವರ ಚಿತ್ರಗಳಿಂದ ಕನ್ನಡಿಗರಿಗೆ ಚಿರಪರಿಚಿತರಾದ ವಿಜಯಭಾಸ್ಕರ್ ಅವರದೆಂಬುದೂ ಇಲ್ಲಿ ನೆನೆಯಬೇಕಾದ ಸಂಗತಿ.

ಇದಕ್ಕಿಂತ ಮುಖ್ಯವಾದುದು ಪಟೇಲರ್ ಆಡುವುದು ಶುದ್ಧ ಕನ್ನಡವಲ್ಲವೆಂಬುದು. ಅವನ ನುಡಿ ಬೆರಕೆ. ದಕ್ಷಿಣ ಕನ್ನಡ–ಕಾಸರಗೋಡುಗಳ ಬಹುಭಾಷಿಕತೆಯನ್ನು ಸಾಮರಸ್ಯದ ರೂಪಕವಾಗಿ ವರ್ಣಿಸುವುದು ಸಭೆ-ಸಮಾರಂಭಗಳಲ್ಲಿಯೂ ಸಂಶೋಧನ ಪ್ರಬಂಧಗಳಲ್ಲಿಯೂ ರೂಢಿಯಾಗಿದೆ. ತುಳು, ಕನ್ನಡ, ಮಲಯಾಳಂ, ಕೊಂಕಣಿ, ಬ್ಯಾರಿ ನುಡಿಗಳು ಒಂದೇ ಅಂಗಳದಲ್ಲಿ ಆಡುವ ಚಿತ್ರ ಸುಳ್ಳೇನಲ್ಲ. ಆದರೆ ಒಬ್ಬ ಯಾಕೆ ಇನ್ನೊಬ್ಬನ ನುಡಿಯನ್ನು ಕಲಿಯುತ್ತಾನೆ, ಎಷ್ಟು ಕಲಿಯುತ್ತಾನೆ, ತಪ್ಪಾಗಿ ಆಡುವ ಸ್ವಾತಂತ್ರ್ಯ ಯಾರಿಗಿದೆ ಎಂಬ ಪ್ರಶ್ನೆಗಳನ್ನು ಆ ವರ್ಣನೆ ಕೇಳುವುದಿಲ್ಲ. ಪಟೇಲರ್ ತನ್ನ ಆಳಿನ ಭಾಷೆಯಲ್ಲಿ ಮಾತಾಡುತ್ತಾನೆ. ಅದನ್ನು ತನಗೆ ಬೇಕಾದಂತೆ ಮುರಿದು ಆಡುತ್ತಾನೆ. ಅವನ ತಪ್ಪು ಮಲಯಾಳಕ್ಕೆ ನಗುವ ಧೈರ್ಯ ಯಾರಿಗೂ ಇಲ್ಲ. ಎದುರಿಗಿರುವವನ ತಾಯ್ನುಡಿ ತಿಳಿದಿರುವುದು ಇಲ್ಲಿ ಅವನನ್ನು ಒಳಗಿನಿಂದ ಹಿಡಿದಿಡುವ ಉಪಾಯವಾಗಿದೆ. ತೊಮ್ಮಿಗೆ ತನ್ನ ಭಾಷೆಯಲ್ಲೂ ಅಡಗಲು ಜಾಗವಿಲ್ಲ.

ಇದೇ ನೆಲದ ಇನ್ನೊಂದು ಕೃತಿಯನ್ನು ಪಕ್ಕದಲ್ಲಿಟ್ಟು ನೋಡಬಹುದು. ಶಿವರಾಮ ಕಾರಂತರ ‘ಚೋಮನ ದುಡಿ’ ಮತ್ತು ಅದನ್ನು ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ಚಿತ್ರದಲ್ಲಿ ಆಳಿನ ಎದುರು ನಿಂತಿರುವುದು ವ್ಯಕ್ತಿಗಿಂತ ಹೆಚ್ಚಾಗಿ ಕಟ್ಟಳೆ. ಒಡೆಯ ಸಂಕಪ್ಪಯ್ಯನನ್ನು ಖಳನೆಂದು ಕರೆಯಲಾಗದು. ಭೂಮಿ ಕೊಡದಿರುವುದಕ್ಕೆ ಸಂಪ್ರದಾಯವೇ ಅಲ್ಲಿ ಸಾಕಷ್ಟು ಕಾರಣ. ಆ ಕೃತಿಯ ಕೇಂದ್ರದಲ್ಲಿ ಚೋಮನೇ ಇದ್ದಾನೆ, ಅವನ ಸಿಟ್ಟಿಗೆ ದುಡಿಯಿದೆ. ತೊಮ್ಮಿಗೆ ಅಂಥ ವಾದ್ಯವಿಲ್ಲ. ಅವನ ಸಿಟ್ಟು ಹೊರಬರಲು ದಾರಿ ಕಾಣದೆ ಒಳಗೇ ನಿಷ್ಠೆಯಾಗಿ ತಿರುಗಿಕೊಳ್ಳುತ್ತದೆ. ಕನ್ನಡದ ಕೃತಿ ಅನ್ಯಾಯವನ್ನು ವ್ಯವಸ್ಥೆಯಲ್ಲಿ ಹುಡುಕಿತು. ಮಲಯಾಳದ ಚಿತ್ರ ಅದೇ ಪ್ರದೇಶದ ಅನ್ಯಾಯಕ್ಕೆ ಒಂದು ಮುಖ ಕೊಟ್ಟು, ಆ ಮುಖವನ್ನು ಪ್ರೀತಿಸುವಂತೆಯೂ ಮಾಡಿತು. ವ್ಯವಸ್ಥೆಯನ್ನು ಯಾರೂ ಪ್ರೀತಿಸುವುದಿಲ್ಲ, ಯಜಮಾನನನ್ನು ಪ್ರೀತಿಸಬಹುದು. ಅಧಿಕಾರ ಉಳಿದುಬರುವ ಬಗೆಯನ್ನು ವಿವರಿಸಲು ಈ ಎರಡನೆಯ ಸಂಗತಿಯೂ ಬೇಕು.

ಕಾಡಿನ ದಾರಿ

ಚಿತ್ರದ ಕೊನೆಯ ಭಾಗದಲ್ಲಿ ಸರೋಜಳ ಕೊಲೆಯ ನಂತರ ಪಟೇಲರ್ ಸೇಡಿಗೆ ಹೆದರಿ ಕಾಡು ಸೇರುತ್ತಾನೆ, ತೊಮ್ಮಿ ಹಿಂದೆ ನಡೆಯುತ್ತಾನೆ. ಮನೆ, ಸಂಗಡಿಗರು, ಹೆಂಡದಂಗಡಿಯ ಮುಂದಿನ ಕುರ್ಚಿ ಒಂದೂ ಇಲ್ಲದಾಗ ಉಳಿಯುವುದು ಕೋವಿ ಮತ್ತು ಆಳು. ಪಟೇಲರ್ ಹಸಿಯುತ್ತಾನೆ, ದಣಿಯುತ್ತಾನೆ, ಬೆಚ್ಚುತ್ತಾನೆ. ಅವನು ಮೊದಲ ಬಾರಿಗೆ ಮನುಷ್ಯನಾಗಿ ಕಾಣುವುದು ಇಲ್ಲಿ. ಮರುಕಪಡುವ ಪ್ರೇಕ್ಷಕ ಅರಿವಿಲ್ಲದೆಯೇ ತೊಮ್ಮಿಯ ಜೊತೆಗೆ ಹೆಜ್ಜೆ ಹಾಕುತ್ತಾನೆ. ಓಮನಳಿಗಾಗಲಿ ಸರೋಜಳಿಗಾಗಲಿ ಇಷ್ಟು ಹೊತ್ತು ಮರುಗಿದ್ದುಂಟೇ ಎಂಬ ಪ್ರಶ್ನೆಯನ್ನು ಅವನು ತನಗೇ ಹಾಕಿಕೊಳ್ಳಬೇಕಾದ ಜಾಗವಿದು. ಚಿತ್ರದ ಮಿತಿಯೂ ಇಲ್ಲಿಯೇ ಕಾಣಿಸುತ್ತದೆ: ಇಬ್ಬರು ಗಂಡಸರ ನಡುವಿನ ಬಂಧವನ್ನು ಅಷ್ಟು ಸೂಕ್ಷ್ಮವಾಗಿ ಶೋಧಿಸಿದ ಅದು ಓಮನಳ ಮನಸ್ಸಿನೊಳಗೆ ಹೊಕ್ಕು ನೋಡುವುದಿಲ್ಲ. ಸುಗಂಧದ ಬಗ್ಗೆ ತೊಮ್ಮಿಯ ಮಾತು ಕೇಳಿದಾಗ ಅವಳಿಗೇನನಿಸಿತೆಂಬುದು ಪ್ರೇಕ್ಷಕನ ಊಹೆಗೆ ಉಳಿಯುತ್ತದೆ.

ಕೊನೆಗೆ ಬೆನ್ನಟ್ಟಿ ಬಂದವರ ಗುಂಡಿಗೆ ಪಟೇಲರ್ ಬಲಿಯಾಗುತ್ತಾನೆ. ತೊಮ್ಮಿ ಮೊದಲು ಅಳುತ್ತಾನೆ. ಆಮೇಲೆ ಕೋವಿಯನ್ನು ಎತ್ತಿ ಧುಮ್ಮಿಕ್ಕುವ ನೀರಿಗೆ ಎಸೆದು ಓಡತೊಡಗುತ್ತಾನೆ. ಪಟೇಲರ್ ಸತ್ತನೆಂಬ ಸುದ್ದಿಯನ್ನು ಓಮನಳಿಗೆ ಕೂಗಿ ಹೇಳುವ ಆ ದನಿಯಲ್ಲಿ ದುಃಖ ಎಲ್ಲಿ ಮುಗಿದು ಸಂತೋಷ ಎಲ್ಲಿ ಶುರುವಾಯಿತೆಂದು ಗುರುತಿಸುವುದು ಕಷ್ಟ. ಆ ಓಟವನ್ನು ಬಿಡುಗಡೆಯೆಂದು ಓದುವವರಿದ್ದಾರೆ. ಆದರೆ ಕೋವಿಯನ್ನು ಎಸೆದವನು ಹೆಸರನ್ನು ಎಸೆದಿಲ್ಲ. ಕೊನೆಯ ಕೂಗಿನಲ್ಲೂ ಅವನ ಬಾಯಲ್ಲಿ ‘ಪಟೇಲರ್’ ಎಂಬ ಗೌರವವಾಚಕವೇ ಇದೆ.

ಗಡಿನಾಡಿನ ಕನ್ನಡ ವಿಮರ್ಶೆ ‘ವಿಧೇಯನ್’ ಚಿತ್ರವನ್ನು ತನ್ನದಾಗಿ ಓದಬೇಕಾದದ್ದು ಈ ಕಾರಣಕ್ಕೆ. ಅಲ್ಪಸಂಖ್ಯಾತ ಭಾಷೆಯೆಂಬುದು ಒಂದು ಆಡಳಿತಾತ್ಮಕ ಸ್ಥಿತಿ, ಅದಕ್ಕೆ ದೊರೆಯಬೇಕಾದ ಹಕ್ಕುಗಳಿಗಾಗಿ ಹೋರಾಡುವುದು ನ್ಯಾಯ. ಆದರೆ ಅದು ಆ ನುಡಿಯಾಡುವವರಿಗೆ ಶಾಶ್ವತವಾದ ನೈತಿಕ ಸ್ಥಾನವನ್ನು ದೊರಕಿಸಿಕೊಡಲಾರದು. ಚಂದ್ರಗಿರಿಯ ದಡದಲ್ಲಿ ಅರ್ಜಿ ಹಿಡಿದು ನಿಂತ ಕನ್ನಡ, ಕೆಲವೇ ಮೈಲಿಗಳಾಚೆ, ತೋಟದ ಲೈನುಮನೆಯ ಮುಂದೆ, ಅಡುಗೆಮನೆಯ ಹಿತ್ತಿಲಿನಲ್ಲಿ, ಇನ್ನೊಂದು ನುಡಿಯವನಿಗೆ ಅಪ್ಪಣೆಯಾಗಿ ಕೇಳಿಸಿರಬಹುದು. ಅಂಗಡಿಯ, ಶಾಲೆಯ, ಕಚೇರಿಯ ಕನ್ನಡವನ್ನು ದಾಖಲಿಸಿದಷ್ಟು ಶ್ರದ್ಧೆಯಿಂದ ಕೂಲಿ ಕೊಡುವಾಗಿನ ಕನ್ನಡವನ್ನೂ, ಬೈಯುವಾಗಿನ ಕನ್ನಡವನ್ನೂ, ಕೂಲಿಯಾಳು ಕಲಿತುಕೊಂಡ ಅರೆಬರೆ ಕನ್ನಡವನ್ನೂ ದಾಖಲಿಸುವ ಕೆಲಸ ಗಡಿನಾಡಿನ ಅಧ್ಯಯನಗಳ ಮುಂದಿದೆ.